ಗಬ್ಬೂರಿನ ಶಟರ್

ಮಾಸ್ತರರ ಎಡಗೈ ಹಿಂಭಾಗದಲ್ಲಿ ಒತ್ತಾಗಿ ಕೂದಲಿತ್ತು. ಬಲಗೈ ಹಿಂಭಾಗದಲ್ಲಿ ಒಂದೇ ಒಂದು ಕೂದಲೂ ಇರಲಿಲ್ಲ. ಗೆಣ್ಣಿನಿಂದ ಮಣಿಕಟ್ಟಿನವರೆಗೆ ಚರ್ಮ ನುಣ್ಣಗೆ, ತುಸು ಕೆಂಪಗೆ, ಹೊಸ ಬಟಾಟೆಯ ಸಿಪ್ಪೆಯಂತೆ ಹೊಳೆಯುತ್ತಿತ್ತು. ಇಪ್ಪತ್ತೈದು ವರ್ಷ ಹುಬ್ಬಳ್ಳಿಯಲ್ಲಿ ಬೆಂಕಿ ಬಿದ್ದ ಮನೆ, ಅಂಗಡಿ, ಗೋದಾಮುಗಳ ಮುಚ್ಚಿದ ಬಾಗಿಲಿಗೆಲ್ಲ ಅವರು ಒಡ್ಡಿದ್ದು ಆ ಕೈಯನ್ನೇ. ಬಾಗಿಲು ತೆಗೆಯುವ ಮೊದಲು ಕೈಗವಸು ಕಳಚುವರು, ಕೈಯ ಹಿಂಭಾಗವನ್ನು ಬಾಗಿಲಿಗೆ ತಾಗಿಯೂ ತಾಗದಂತೆ ಕೆಳಗಿನಿಂದ ಮೇಲಕ್ಕೆ ಆಡಿಸುವರು, ಆಮೇಲೆ ಮೆಲ್ಲಗೆ ಮುಟ್ಟುವರು. ಒಳಗಿನ ಬಿಸಿ ಎದೆಮಟ್ಟಕ್ಕೆ ಇಳಿದಿದೆಯೋ ಮೊಣಕಾಲಿಗೆ ಇಳಿದಿದೆಯೋ ಹೊರಗೆ ನಿಂತೇ ಹೇಳಿಬಿಡುತ್ತಿದ್ದರು.

ಅಂಗೈಯಿಂದ ಯಾಕೆ ಮುಟ್ಟಬಾರದು ಎಂದು ಠಾಣೆಗೆ ಬಂದ ಪ್ರತಿ ಹೊಸಬನೂ ಕೇಳುತ್ತಿದ್ದ. ನಾನೂ ಕೇಳಿದ್ದೆ.

“ಅಂಗೈ ಸುಟ್ಕೊಂಡ್ರ ಆಮ್ಯಾಲ ಪೈಪ್ ಹಿಡ್ಯಾಕ ನಿಮ್ಮ ಮಾವ ಬರ್ತಾನೇನು?” ಎಂದಿದ್ದರು.

ಆ ಅಭ್ಯಾಸ ಅವರಿಗೆ ಮೈಗೆ ಹತ್ತಿಬಿಟ್ಟಿತ್ತು. ಚಹಾದ ಗ್ಲಾಸನ್ನು ಹಾಗೆ ಮುಟ್ಟಿ ನೋಡಿಯೇ ಎತ್ತಿಕೊಳ್ಳುವರು. ಧಾರವಾಡದಿಂದ ಬರುವ ಬಸ್ಸಿನ ಬಿಸಿಲ ಬದಿಯ ಸೀಟನ್ನು ಹಾಗೆ ಮುಟ್ಟಿ ನೋಡಿ ಕೂರುವರು. ನಮ್ಮಲ್ಲಿ ಯಾರಾದರೂ ಮುಖ ಸಪ್ಪಗೆ ಮಾಡಿಕೊಂಡಿದ್ದರೆ ಬಂದು ಹಣೆಗೆ ಕೈಯ ಹಿಂಭಾಗ ಇಟ್ಟು, “ಜ್ವರ ಇಲ್ಲ. ಹಂಗಾರ ಹೇಣ್ತಿ ಕೂಡ ಜಗಳಾ” ಎಂದು ತೀರ್ಪು ಕೊಡುವರು. ಬಹಳ ಸಲ ಅದು ಸರಿಯೇ ಇರುತ್ತಿತ್ತು.

ಅವರು ಹುದ್ದೆಯಿಂದ ಮಾಸ್ತರರಲ್ಲ, ನಮ್ಮ ಅಗ್ನಿಶಾಮಕ ಠಾಣೆಯ ಲೀಡಿಂಗ್ ಫೈರ್‌ಮನ್. ಅವರ ತಂದೆ ಧಾರವಾಡದ ಮಿಶನ್ ಸಾಲಿಯಲ್ಲಿ ಮಾಸ್ತರರಾಗಿದ್ದರಂತೆ. ಮಗನಿಗೂ ಅದೇ ಆಸೆ ಇತ್ತು. ಆಗಲಿಲ್ಲ, ಖಾಕಿ ಹಾಕಿಕೊಂಡರು. ಆದರೆ ಪಾಠ ಹೇಳುವ ಚಪಲ ಬಿಡಬೇಕಲ್ಲ! ಬೆಳಗಿನ ಕವಾಯತು ಮುಗಿದ ಮೇಲೆ ಗಾಡಿ ನಿಲ್ಲಿಸುವ ಷೆಡ್ಡಿನಲ್ಲಿ ನಮ್ಮನ್ನು ಕೂರಿಸಿಕೊಂಡು ಶುರು ಮಾಡಿಬಿಡುವರು. ಠಾಣಾಧಿಕಾರಿಯೂ ಅವರನ್ನು “ಏನ್ರಿ ಮಾಸ್ತರ” ಎಂದೇ ಕರೆಯುತ್ತಿದ್ದರು.

ನಾನು ಹುಬ್ಬಳ್ಳಿಯ ಕಮರಿಪೇಟೆಯವನು. ಬಿ.ಎಸ್ಸಿ. ಮಾಡಿದ್ದೆ, ರಸಾಯನಶಾಸ್ತ್ರದಲ್ಲಿ ಒಳ್ಳೆಯ ಅಂಕಗಳೂ ಬಂದಿದ್ದವು. ಬೇರೆ ನೌಕರಿ ಸಿಗದೆ ಫೈರ್‌ಮನ್ ಆದವನು ಎಂಬ ಸೊಕ್ಕು ಒಳಗೊಳಗೇ ಇತ್ತು. ಮೊದಲ ದಿನ ಅವರು ಜೇಬಿನಿಂದ ಮೇಣಬತ್ತಿಯ ತುಂಡು, ಕಡ್ಡಿಪೆಟಗಿ ತೆಗೆದಾಗ ನನಗೆ ನಗು ಬಂತು. ಬೆಂಕಿ ಆರಿಸುವವನ ಜೇಬಿನಲ್ಲಿ ಕಡ್ಡಿಪೆಟಗಿ! ಅವರು ಬತ್ತಿ ಹಚ್ಚಿ ನನ್ನ ಕಡೆ ನೋಡಿದರು.

“ಏನ ಉರಿಯಾಕತ್ತೈತಿ ಹೇಳು.”

“ಆಕ್ಸಿಡೇಶನ್ ರೀ ಸರ್. ಹೈಡ್ರೋಕಾರ್ಬನ್ ಆಮ್ಲಜನಕದ ಜೋಡಿ ಸೇರಿ...”

“ಛಲೋ ಹೇಳಿದಿ. ಆದ್ರ ತಮ್ಮಾ, ಅದು ಬಾಗಲದ ಹಿಂದ ನಿಂತಾಗ ನಿನಗ ಹೆಸರ ಹೇಳಂಗಿಲ್ಲ. ಕಣ್ಣಿಂದ ನೋಡು.”

ಹೀಗೆಂದು ಬತ್ತಿಯನ್ನು ಉಫ್ ಎಂದು ಆರಿಸಿದರು. ಬತ್ತಿಯ ತುದಿಯಿಂದ ಬೆಳ್ಳನೆ ಹೊಗೆಯ ಎಳೆ ಮೇಲೆದ್ದಿತು. ಮತ್ತೊಂದು ಕಡ್ಡಿ ಗೀರಿದರು, ಆದರೆ ಬತ್ತಿಗೆ ಮುಟ್ಟಿಸಲಿಲ್ಲ. ಬತ್ತಿಗಿಂತ ಒಂದು ಬೆರಳು ಮೇಲೆ, ಆ ಹೊಗೆಯ ಎಳೆಗೆ ಹಿಡಿದರು. ಉರಿ ಎಳೆ ಹಿಡಿದು ಸರ್ರನೆ ಕೆಳಗಿಳಿದು ಬತ್ತಿಯ ಮೇಲೆ ಕೂತಿತು. ಮೂರು ವರ್ಷ ಕಾಲೇಜಿನಲ್ಲಿ ಸಮೀಕರಣ ಬರೆದವನು ನಾನು, ಇದನ್ನು ಕಂಡಿರಲಿಲ್ಲ.

“ಉರಿಯೂದು ಮೇಣ ಅಲ್ಲ, ಕಟ್ಟಿಗಿ ಅಲ್ಲ, ಅರಿವಿ ಅಲ್ಲ. ಅವು ಕಾದು ಬಿಡೂ ಹೊಗಿ ಉರಿತೈತಿ. ಖೋಲಿ ತುಂಬ ಹೊಗಿ ಕಂಡ್ರ ಬೆಂಕಿ ಹೋಗಿ ಹೊಗಿ ಉಳದೈತಿ ಅನ್ಕೋಬ್ಯಾಡ್ರಿ. ತಲಿ ಮ್ಯಾಲ ಪೆಟ್ರೋಲ್ ತೇಲಾಕತ್ತೈತಿ ಅನ್ಕೋರಿ. ಅದಕ್ಕ ಬಿಸಿ ಐತಿ, ಉರಿಯೂ ಮಾಲ ಐತಿ. ಗಾಳಿ ಒಂದ ಕಡಿಮಿ ಐತಿ. ಅದನ್ನ ನೀವ ಒಯ್ದು ಕೊಡಬ್ಯಾಡ್ರಿ.”

ಇಷ್ಟೇ ಅವರ ಶಾಸ್ತ್ರ. ಉರಿಯುವ ಮಾಲು, ಬಿಸಿ, ಗಾಳಿ. ಮೂರೂ ಕೂಡಿದ ಮೇಲೆ ಒಂದಕ್ಕೊಂದು ಹಚ್ಚಿಕೊಡುತ್ತ ಹೋಗುವ ಸರಪಳಿ. ಇದನ್ನೇ ಅವರು ದಿನಕ್ಕೊಂದು ಬಗೆಯಲ್ಲಿ ಹೇಳುವರು. ನೀರನ್ನು ಸುಮ್ಮನೆ ಸುರಿಯಬಾರದು ಯಾಕೆ ಎಂದು ಹೇಳಲು, “ಎರಡ ತಂಬಿಗಿ ನೀರು ಉಗಿ ಆತಂದ್ರ ಬಚ್ಚಲದಾಗ ನಿಮಗ ನಿಲ್ಲಾಕ ಜಾಗಾ ಇರಂಗಿಲ್ಲ. ಆ ಉಗಿ ಎಲ್ಲಿ ಹೋಗಬೇಕು ಅನ್ನೂದನ್ನ ಮದ್ಲ ನೋಡ್ರಿ, ಆಮ್ಯಾಲ ನೀರ ಹೊಡೀರಿ” ಎನ್ನುವರು. ಹತ್ತಿಯ ಮೂಟೆಗಳ ಬಗ್ಗೆ ಅವರಿಗೆ ಬೇರೆಯೇ ಭಯವಿತ್ತು. ಒತ್ತಿ ಕಟ್ಟಿದ ಹತ್ತಿಯೊಳಗೆ ಕಿಡಿ ಹೊಕ್ಕರೆ ಹೊರಗೆ ತೊಯ್ದು ತಣ್ಣಗಿದ್ದರೂ ಒಳಗೆ ಕೆಂಡ ವಾರಗಟ್ಟಲೆ ಕೂತಿರುತ್ತದೆ ಎಂದು ನೂರು ಸಲ ಹೇಳಿದ್ದಾರೆ. ಮತ್ತೆ ಮತ್ತೆ ಹೇಳುತ್ತಿದ್ದ ಇನ್ನೊಂದು ಮಾತು: “ಅವಸರ ಇರೂದು ಬೆಂಕಿಗೆ. ನಮಗಲ್ಲ.”

ಒಮ್ಮೆ ನಮ್ಮ ಓಣಿಯ ಹತ್ತಿರವೇ ಮಿರ್ಚಿ ಭಜಿ ಅಂಗಡಿಯಲ್ಲಿ ಎಣ್ಣೆಯ ಕಡಾಯಿಗೆ ಬೆಂಕಿ ಹತ್ತಿತು. ಗಾಡಿ ಒಳಗೆ ಹೋಗುವಷ್ಟು ಓಣಿ ಅಗಲವಿಲ್ಲ. ಮಾಸ್ತರರೂ ನಾನೂ ಓಡಿ ಹೋದೆವು. ಯಾರೋ ಕೊಡ ನೀರು ಎತ್ತಿ ನಿಂತಿದ್ದ. ಮಾಸ್ತರರು ಆ ಕೊಡವನ್ನು ಕಿತ್ತು ಬದಿಗಿಟ್ಟು, ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತ ತೆಗೆದುಕೊಂಡು ಬದಿಯಿಂದ ಕಡಾಯಿಯ ಮೇಲೆ ಸರಿಸಿಬಿಟ್ಟರು, ಒಲೆಯ ಗ್ಯಾಸು ಬಂದ್ ಮಾಡಿದರು. ಉರಿ ಹೋಯಿತು. ಆಮೇಲೆ ಒಂದು ಕುರ್ಚಿ ತರಿಸಿಕೊಂಡು ಕಡಾಯಿಯ ಮುಂದೆ ಕೂತರು. ಅಂಗಡಿಯ ಕಾಕಾನಿಗೆ ತಡೆಯಲಾಗುತ್ತಿಲ್ಲ. ಮೂರು ಸಲ ಪರಾತಕ್ಕೆ ಕೈ ಹಾಕಿದ, ಮೂರು ಸಲವೂ ಇವರು ಆ ಕೈಗೆ ಬಾರಿಸಿದರು.

“ಬೆಂಕಿ ಹೋತಲ್ರಿ, ಮತ್ತೇನ್ರಿ?” ಎಂದು ಆತ ಗೋಗರೆದ.

“ಬೆಂಕಿ ಹೋತು, ಬಿಸಿ ಹೋಗಿಲ್ಲ. ಗಾಳಿ ಕೊಟ್ಟಿ ಅಂದ್ರ ಹೊಳ್ಳಿ ಬರತೈತಿ. ಕುಂಡ್ರು ಕಾಕಾ, ನಿಮ್ಮ ಮದವಿ ಕತಿ ಹೇಳು, ಕೇಳ್ತೇನಿ.”

ಮುಕ್ಕಾಲು ಗಂಟೆ ಕೂತರು. ಕಾಕಾ ನಿಜವಾಗಿಯೂ ತನ್ನ ಮದುವೆಯ ಕಥೆ ಹೇಳಿದ. ಕೊನೆಗೆ ಕೈಯ ಹಿಂಭಾಗ ಇಟ್ಟು ನೋಡಿ, ಪರಾತ ತೆಗೆದು, ಎದ್ದು ಬಂದರು. ದಾರಿಯಲ್ಲಿ ನಾನು, “ಇಷ್ಟ ಸಣ್ಣ ಬೆಂಕಿಗೆ ಇಷ್ಟ ಹೊತ್ತ ಯಾಕ್ರಿ?” ಎಂದೆ. ನಿಂತು ನನ್ನ ಮುಖ ನೋಡಿದರು. “ನಿನಗ ಕಾಯೂದು ಬರಂಗಿಲ್ಲ ತಮ್ಮಾ. ಅದೊಂದ ಕಲಿ, ಉಳದದ್ದೆಲ್ಲಾ ನಿನಗ ಬರತೈತಿ” ಎಂದರು.

ಅವರ ದನಿಯ ಬಗ್ಗೆ ಹೇಳಲೇಬೇಕು. ಧಾರವಾಡದ ಚರ್ಚಿನ ಗಾಯನ ತಂಡದಲ್ಲಿ ಅವರು ಕೊನೆಯ ಸಾಲಿನಲ್ಲಿ ನಿಂತು ಕೆಳದನಿಯಲ್ಲಿ ಹಾಡುವವರು. ಡೊಳ್ಳಿನಂಥ ದನಿ. ಪಂಪಿನ ಸದ್ದು, ಜನರ ಗಲಾಟೆ, ಮುರಿದು ಬೀಳುವ ತೊಲೆಗಳ ನಡುವೆಯೂ ಅವರು ಒಂದು ಮಾತು ಹೇಳಿದರೆ ಮೂರನೆಯ ಮಹಡಿಯ ಮೇಲಿದ್ದವನಿಗೆ ಕೇಳಿಸುತ್ತಿತ್ತು. ಗಾಡಿ ತೊಳೆಯುವಾಗ ಹಾಡುವರು. ಷೆಡ್ಡಿನ ತಗಡು ಸಣ್ಣಗೆ ನಡುಗುತ್ತಿತ್ತು ಎಂದರೆ ಸುಳ್ಳಲ್ಲ.

ನಾನು ಸೇರಿದ ಎರಡನೆಯ ವರ್ಷ ಅವರಿಗೆ ಒಂದು ಸಿಹಿ ಸುದ್ದಿ ಬಂತು. ಹೊಸದಾಗಿ ನೇಮಕವಾದವರಿಗೆ ಪಾಠ ಹೇಳಲು ಧಾರವಾಡದ ಲಕಮನಹಳ್ಳಿಯ ಕಡೆ ಒಂದು ಮೈದಾನ, ಒಂದು ಷೆಡ್ಡು ಸಿದ್ಧವಾಗುತ್ತಿತ್ತು. ಅಲ್ಲಿ ಬೋಧಕನಾಗಿ ಇವರನ್ನೇ ಹಾಕುವುದೆಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದರು. ಮನೆಗೆ ಹತ್ತಿರ, ಮೇಲಾಗಿ ಪಾಠ ಹೇಳುವ ಕೆಲಸ. ಅವತ್ತು ಇಡೀ ಠಾಣೆಗೆ ಪೇಢೆ ಹಂಚಿದರು. “ನಮ್ಮಪ್ಪ ಇರಬೇಕಾಗಿತ್ತು. ಕರಿಹಲಗಿ ಮುಂದ ನಿಂತದ್ದ ನೋಡಿದ್ರ ಖುಷಿ ಪಡ್ತಿದ್ದ” ಎಂದು ನನ್ನ ಹತ್ತಿರ ಎರಡು ಸಲ ಹೇಳಿದರು. ಬಿಳಿ ಸೀಮೆಸುಣ್ಣದ ಡಬ್ಬಿಯೊಂದನ್ನು ತಮ್ಮ ದುಡ್ಡಿನಲ್ಲೇ ತಂದು ಕಪಾಟಿನಲ್ಲಿಟ್ಟುಕೊಂಡರು.

ಮೂರು ವಾರಗಳ ಮೇಲೆ ಗಬ್ಬೂರಿನಿಂದ ಕರೆ ಬಂತು.

ಬೆಳಗಿನ ಹನ್ನೊಂದರ ಸುಮಾರು. ಬೈಪಾಸಿನ ಹತ್ತಿರ ಒಂದು ಹತ್ತಿಯ ಗೋದಾಮು. ಎದುರಿಗೆ ಒಂದೇ ದೊಡ್ಡ ಶಟರ್, ಮೇಲೆ ತಗಡಿನ ಮಾಡು. ನಾವು ಹೋದಾಗ ಉರಿ ಎಲ್ಲಿಯೂ ಕಾಣುತ್ತಿರಲಿಲ್ಲ. ಶಟರಿನ ಕೆಳಗಿನ ಸಂದಿಯಿಂದ ಹಳದಿ ಮಿಶ್ರಿತ ಕಪ್ಪು ಹೊಗೆ ಪುಸ್ ಎಂದು ಹೊರಬರುವುದು, ಮರುಕ್ಷಣ ಒಳಗೆ ಎಳೆದುಕೊಂಡು ಹೋಗುವುದು. ಮಾಸ್ತರರು ಕೈಗವಸು ಕಳಚಿ ಶಟರಿಗೆ ಕೈಯ ಹಿಂಭಾಗ ಒಡ್ಡಿದರು. ಮೊಣಕಾಲಿನ ಹತ್ತಿರಕ್ಕೇ ಕೈ ಹಿಂದೆ ಸರಿಯಿತು. ಒಳಗೆ ಯಾರಾದರೂ ಇದ್ದಾರೆಯೇ ಎಂದು ಮಾಲೀಕನನ್ನು ಎರಡು ಸಲ ಕೇಳಿ, ಇಲ್ಲವೆಂದು ಖಾತ್ರಿ ಮಾಡಿಕೊಂಡರು.

“ಉಸಿರಾಡಾಕತ್ತೈತಿ” ಎಂದರು ನಮ್ಮ ಕಡೆ ತಿರುಗಿ. “ಒಳಗ ಬೆಂಕಿ ಸತ್ತಿಲ್ಲ, ಉಸಿರ ಕಟ್ಟಿ ಕುಂತೈತಿ. ಮದ್ಲ ಮ್ಯಾಲಿನ ತಗಡ ತಗದು ಬಿಸಿ ಹೋಗಾಕ ದಾರಿ ಮಾಡೋಣು. ಆಮ್ಯಾಲ ಶಟರ್.”

ನಮ್ಮ ಬಳಿ ಇದ್ದ ಎರಡು ಉಸಿರಾಟದ ಸೆಟ್ಟುಗಳನ್ನು ಬೆನ್ನಿಗೆ ಕಟ್ಟಿಕೊಂಡು ಇಬ್ಬರು ಹಿಂದಿನಿಂದ ಮಾಡು ಹತ್ತಿದರು. ಅವರಿಗೆ ಏಣಿ ಹಿಡಿಸಿ, ಎಲ್ಲಿ ತಗಡು ಬಿಚ್ಚಬೇಕೆಂದು ತೋರಿಸಲು ಮಾಸ್ತರರೂ ಹಿಂದೆ ಹೋದರು. ಹೋಗುವ ಮೊದಲು ನೀರಿನ ಪೈಪಿನ ತುದಿ ಹಿಡಿದು ಶಟರಿನ ಬದಿಗೆ ನಿಂತಿದ್ದ ನನ್ನ ಹೆಗಲ ಮೇಲೆ ಕೈ ಇಟ್ಟು, “ನಾ ಹೊಳ್ಳಿ ಬರೂತನಕ ಶಟರ್ ಮುಟ್ಟಬ್ಯಾಡ. ತಿಳೀತಿಲ್ಲೋ?” ಎಂದರು. “ತಿಳೀತ್ರಿ” ಎಂದೆ.

ತಿಳಿದಿತ್ತು. ಇದನ್ನು ಒತ್ತಿ ಹೇಳಬೇಕು: ನನಗೆ ತಿಳಿದಿತ್ತು. ಹೊಗೆ ಉಸಿರಾಡುವುದನ್ನು ಕಣ್ಣಾರೆ ನೋಡುತ್ತಿದ್ದೆ. ಅವರು ಹೋದ ಮೇಲೆ ನಾನೂ ಕೈಯ ಹಿಂಭಾಗ ಇಟ್ಟು ನೋಡಿದ್ದೆ.

ಆದರೆ ಜನ ಸೇರಿದ್ದರು. ಹಮಾಲರು, ವ್ಯಾಪಾರಿಗಳು, ಬೈಪಾಸಿನಲ್ಲಿ ಗಾಡಿ ನಿಲ್ಲಿಸಿ ಬಂದವರು, ಕೈಯಲ್ಲೆಲ್ಲ ಮೊಬೈಲು. ಐದು ನಿಮಿಷವಾಯಿತು, ಎಂಟಾಯಿತು. ಮಾಡಿನ ಮೇಲೆ ತುಕ್ಕು ಹಿಡಿದ ಬೋಲ್ಟುಗಳು ಬಿಚ್ಚುತ್ತಿರಲಿಲ್ಲ. “ನೀರಿನ ಗಾಡಿ ತಂದು ನೋಡ್ಕೋತ ನಿಂತಾರ ನೋಡ್ರಿ!” ಎಂದು ಒಬ್ಬ ಕೂಗಿದ. “ಲೇ, ಅಂಜ್ಯಾನ ಅಂವ” ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ನಮ್ಮ ಠಾಣೆಯ ಹುಡುಗರಲ್ಲೂ ಒಂದು ಹುಚ್ಚು ಇತ್ತು: ಶಟರ್ ಎತ್ತಿದವನೇ ಗಂಡು, ಮರುದಿನ ಪೇಪರಿನಲ್ಲಿ ಫೋಟೋ ಬರುವುದು ಅವನದೇ. ಹೊಸದಾಗಿ ಮದುವೆಯಾಗಿದ್ದೆ. ನನಗೇನು ಧಾಡಿ ಆಗಿತ್ತೋ, ಪೈಪಿನ ತುದಿ ಕಂಕುಳಿಗೆ ಸಿಕ್ಕಿಸಿಕೊಂಡು, ಕೈಗವಸು ತೊಟ್ಟ ಎರಡೂ ಕೈ ಹಾಕಿ ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿಬಿಟ್ಟೆ.

ಏನೂ ಆಗಲಿಲ್ಲ. ಮೂರು ನಾಲ್ಕು ಕ್ಷಣ ಏನೂ ಆಗಲಿಲ್ಲ. ಜನ ಸಿಳ್ಳೆ ಹಾಕಿದರು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಹತ್ತಿಯ ಎಳೆಗಳು ತಾವಾಗಿ ಎದ್ದು ನನ್ನ ಕಾಲ ಬದಿಯಿಂದ ಗೋದಾಮಿನ ಒಳಗೆ ಓಡತೊಡಗಿದವು. ನನ್ನ ಪ್ಯಾಂಟಿನ ಬಟ್ಟೆ ಮುಂದಕ್ಕೆ ಎಳೆಯಿತು. ಗೋದಾಮು ದೊಡ್ಡದೊಂದು ಉಸಿರು ತೆಗೆದುಕೊಳ್ಳುತ್ತಿತ್ತು. ನಾನು ಅದನ್ನು ನೋಡುತ್ತ ನಿಂತೆ.

“ಮಲಕೋ!”

ಗೋದಾಮಿನ ಮೂಲೆಯಿಂದ ಆ ದನಿ ಬಂತು. ಮಾಸ್ತರರು ಓಡಿಬಂದರು. ನನ್ನ ಕೊರಳಪಟ್ಟಿ ಹಿಡಿದು ನೆಲಕ್ಕೆ ಕೆಡವಿ, “ಎಲ್ಲಾರೂ ಮಲಕೋರಿ!” ಎಂದು ಜನರ ಕಡೆ ತಿರುಗಿ ಇನ್ನೊಮ್ಮೆ ಕೂಗಿದರು. ಅವರ ಬಾಯಿ ತೆರೆದೇ ಇತ್ತು, ಗೋದಾಮಿನೊಳಗಿನ ಉರಿ ಹೊರಗೆ ನುಗ್ಗಿತು. ನನ್ನ ಬೆನ್ನ ಮೇಲಿಂದ ಒಂದು ಬಿಸಿ ಗೋಡೆ ಹಾದು ಹೋಯಿತು. ನನಗೆ ಸುಟ್ಟಿದ್ದು ಹುಬ್ಬು, ಎರಡು ಕಿವಿಯ ತುದಿ, ಅಷ್ಟೇ. ಕೂಗಿದ್ದರಿಂದ ಜನ ನೆಲಕ್ಕೆ ಬಿದ್ದುಕೊಂಡಿದ್ದರು, ಯಾರಿಗೂ ಏನೂ ಆಗಲಿಲ್ಲ. ಬಾಯಿ ಮುಚ್ಚಿಕೊಂಡು ಮಲಗಿದ್ದರೆ ಅವರಿಗೂ ಹೆಚ್ಚೇನೂ ಆಗುತ್ತಿರಲಿಲ್ಲ. ಕೂಗಲು ಬಾಯಿ ತೆರೆದಿದ್ದವರ ಗಂಟಲಿಗೆ, ಎದೆಗೆ ಆ ಬಿಸಿ ಇಳಿದುಬಿಟ್ಟಿತ್ತು.

ನಾಲ್ಕನೆಯ ದಿನ ಆಸ್ಪತ್ರೆಗೆ ವಿಚಾರಣೆಯ ಅಧಿಕಾರಿ ಬಂದರು. ಮಾಡಿನ ಮೇಲಿದ್ದ ಇಬ್ಬರಿಗೆ ಕೆಳಗಿನದು ಕಂಡಿರಲಿಲ್ಲ. ಜನರ ಮೊಬೈಲುಗಳಲ್ಲಿ ನಾನು ಶಟರ್ ಎತ್ತಿದ್ದು ಇತ್ತು. ಯಾರು ಹೇಳಿದ್ದಕ್ಕೆ ಎತ್ತಿದೆ ಎಂಬುದು ಇರಲಿಲ್ಲ. ನನ್ನ ಪ್ರೊಬೇಶನ್ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಆಜ್ಞೆ ಮೀರಿದೆ ಎಂದು ಬರೆದರೆ ಮನೆಗೇ ಕಳಿಸುತ್ತಿದ್ದರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಮಾಸ್ತರರಿಗೆ ಮಾತು ಬರುತ್ತಿರಲಿಲ್ಲ. ಸನ್ನೆ ಮಾಡಿ ಹಾಳೆ, ಪೆನ್ನು ತರಿಸಿಕೊಂಡು ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ಟರು. ಅಧಿಕಾರಿ ಗಟ್ಟಿಯಾಗಿ ಓದಿದರು:

“ಶಟರ್ ಎತ್ತಲು ನಾನೇ ಹೇಳಿದೆ. ಅಂದಾಜು ತಪ್ಪಿತು.”

ಓದಿ ನನ್ನ ಕಡೆ ತಿರುಗಿದರು. “ಹೌದೇನಪಾ?”

ಮಾಸ್ತರರು ನನ್ನನ್ನು ನೋಡಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು.

“ಹೌದ್ರಿ ಸರ್” ಎಂದೆ.

ಅದೊಂದು ಮಾತು. ಬೇಕಾದಷ್ಟು ಬೈದುಕೊಂಡಿದ್ದೇನೆ ನನ್ನನ್ನು ನಾನು, ಅದೇನೂ ಆ ಮಾತನ್ನು ಹಿಂದಕ್ಕೆ ತಂದಿಲ್ಲ.

ವರದಿಯಲ್ಲಿ ಅವರ ತಪ್ಪು ಅಂದಾಜಿನಿಂದ ಅವಘಡವಾಯಿತೆಂದು ಬರೆದರು. ತಪ್ಪು ಅಂದಾಜಿನ ಮನುಷ್ಯನನ್ನು ಬೋಧಕನನ್ನಾಗಿ ಯಾರು ಹಾಕುತ್ತಾರೆ? ಲಕಮನಹಳ್ಳಿಗೆ ಬೇರೆಯವರು ಹೋದರು. ಹಾಕಿದ್ದರೂ ಪಾಠ ಹೇಳಲು ದನಿ ಎಲ್ಲಿತ್ತು? ಮೂರು ತಿಂಗಳ ಮೇಲೆ ಕೆಲಸಕ್ಕೆ ಮರಳಿದಾಗ ಅವರ ಬಾಯಿಂದ ಬರುತ್ತಿದ್ದುದು ಒಡೆದ ಪಿಸುಮಾತು. ಅವರನ್ನು ಠಾಣೆಯ ದೂರವಾಣಿಯ ಹತ್ತಿರವೂ ಕೂರಿಸುವಂತಿರಲಿಲ್ಲ. ಪೈಪುಗಳನ್ನು ಒಣಗಿಸಿ ಸುತ್ತಿಡುವ ಕೆಲಸ ಕೊಟ್ಟರು. ಸೀಮೆಸುಣ್ಣದ ಡಬ್ಬಿ ಕಪಾಟಿನಲ್ಲೇ ಇತ್ತು. ಹೊಸದಾಗಿ ಬಂದ ಹುಡುಗರು ಅವರ ಬೆನ್ನ ಹಿಂದೆ, “ಊರಿಗೆಲ್ಲಾ ಪಾಠಾ ಹೇಳಾಂವ ತಾನ ಶಟರ್ ಎತ್ತಸಿದ್ನಂತ” ಎಂದು ಕಿಸಕ್ಕನೆ ನಗುವುದನ್ನು ನಾನು ಕೇಳಿಸಿಕೊಂಡಿದ್ದೇನೆ. ಕೇಳಿಸಿಕೊಂಡು ಬೂಟಿಗೆ ಪಾಲಿಶ್ ಹಚ್ಚುತ್ತ ಕೂತಿದ್ದೇನೆ.

ಪ್ರೊಬೇಶನ್ ಮುಗಿಯಲಿ, ಹೇಳಿಬಿಡೋಣ ಎಂದುಕೊಂಡಿದ್ದೆ. ಮುಗಿಯಿತು. ಮಗಳು ಹುಟ್ಟಿದಳು, ಇನ್ನೊಂದು ವರ್ಷ ಹೋಗಲಿ ಎಂದೆ. ಒಂದು ಕ್ರಿಸ್‌ಮಸ್ಸಿಗೆ ಅವರ ಚರ್ಚಿಗೆ ಹೋಗಿ ಹಿಂದೆ ನಿಂತಿದ್ದೆ, ಅವತ್ತಾದರೂ ಹೇಳೋಣವೆಂದು. ಅವರು ತಮ್ಮ ಹಳೆಯ ಜಾಗದಲ್ಲೇ, ಕೊನೆಯ ಸಾಲಿನಲ್ಲಿ, ಪುಸ್ತಕ ಹಿಡಿದು ನಿಂತಿದ್ದರು. ತುಟಿ ಆಡುತ್ತಿದ್ದವು. ಪಕ್ಕದವನ ದನಿಯಷ್ಟೇ ಕೇಳುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೆಟ್ಟಿಲಿಳಿದು ಬಸ್ಸು ಹಿಡಿದು ಬಂದುಬಿಟ್ಟೆ.

ಒಮ್ಮೆ ಮಾತ್ರ ಬಾಯಿ ತೆರೆದೆ. ಅವರು ನಿವೃತ್ತರಾಗುವ ಹಿಂದಿನ ದಿನ, ಷೆಡ್ಡಿನಲ್ಲಿ ಇಬ್ಬರೇ ಇದ್ದಾಗ.

“ಮಾಸ್ತರ, ಅವತ್ತ ಗಬ್ಬೂರದಾಗ ನಾನು...”

ಅವರು ಸುತ್ತುತ್ತಿದ್ದ ಪೈಪನ್ನು ಕೆಳಗಿಟ್ಟು ಬಂದು ಬಲಗೈಯ ಹಿಂಭಾಗವನ್ನು ನನ್ನ ಹಣೆಯ ಮೇಲಿಟ್ಟರು. ಬಹಳ ಹೊತ್ತು ಇಟ್ಟಿದ್ದರು. “ಜ್ವರ ಏನಿಲ್ಲ” ಎಂದು ಪಿಸುಗುಟ್ಟಿದರು. “ಹೋಗು, ಗಾಡಿ ತೊಳಿ.”

ಹೊಟ್ಟೆಗೆ ಹಾಕಿಕೊಂಡರು ಎಂದು ತಿಳಿದು ನಾನು ಹಗುರಾದೆ. ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ಅವರಿಗೆ ಹೇಳುವ ಅಗತ್ಯವೇನಿತ್ತು, ಅವರಿಗೆ ಗೊತ್ತಿದ್ದದ್ದೇ ಅಲ್ಲವೇ? ಹೇಳಬೇಕಾಗಿದ್ದುದು ಉಳಿದ ಎಲ್ಲರಿಗೆ. ಅಷ್ಟು ಯೋಚಿಸುವಷ್ಟು ಬುದ್ಧಿ ಇದ್ದೂ ಯೋಚಿಸಲಿಲ್ಲ.

ನನಗೆ ಬಡ್ತಿ ಬಂತು. ಹೋದ ವರ್ಷ ಲಕಮನಹಳ್ಳಿಯ ಷೆಡ್ಡಿಗೆ ಬೋಧಕನಾಗಿ ಹಾಕಿದರು. ಅವರು ನಿಲ್ಲಬೇಕಾಗಿದ್ದ ಕರಿಹಲಗೆಯ ಮುಂದೆ ನಾನು ನಿಂತು, ಜೇಬಿನಿಂದ ಮೇಣಬತ್ತಿಯ ತುಂಡು ತೆಗೆದು, ಹೊಗೆಯ ಎಳೆಗೆ ಕಡ್ಡಿ ಹಿಡಿಯುತ್ತೇನೆ; ಹುಡುಗರು ಬಾಯಿ ತೆರೆದು ನೋಡುತ್ತಾರೆ. ಮುಚ್ಚಿದ ಗೋದಾಮು ಉಸಿರಾಡುವುದರ ಪಾಠ ಬಂದಾಗ ಗಬ್ಬೂರಿನ ಕಥೆ ಹೇಳುತ್ತೇನೆ. ಈ ಬ್ಯಾಚಿನಲ್ಲಿ ಬೈಲಹೊಂಗಲ ಕಡೆಯ ಒಬ್ಬಳು ಹುಡುಗಿ ಇದ್ದಾಳೆ, ಬಹಳ ಚುರುಕು. ಕಥೆ ಮುಗಿದ ಕೂಡಲೇ ಕೈ ಎತ್ತಿದಳು.

“ಸರ್, ಶಟರ್ ಎತ್ತಿದವ್ರು ಯಾರ್ರಿ?”

“ಯಾಂವೋ ಒಬ್ಬ ಹೊಸಬ” ಎಂದೆ. ಕರಿಹಲಗೆ ಒರೆಸಿದೆ.

ಅದಾದ ಎರಡು ವಾರಕ್ಕೆ ಮಾಸ್ತರರು ತೀರಿಕೊಂಡರು. ಎದೆ ಮೊದಲೇ ಹದಗೆಟ್ಟಿತ್ತು; ಮಳೆಗಾಲದ ಥಂಡಿ ತಡೆಯಲಿಲ್ಲ. ಮಣ್ಣಿಗೆ ಹೋಗಿದ್ದೆ. ಎಲ್ಲರ ಜೊತೆ ಒಂದು ಹಿಡಿ ಮಣ್ಣು ಹಾಕಿದೆ. ಪೆಟ್ಟಿಗೆ ಮುಚ್ಚುವ ಮೊದಲು ಆ ಬಲಗೈಯನ್ನು ನೋಡಿದ್ದೆ. ಎದೆಯ ಮೇಲೆ ಎಡಗೈಯ ಮೇಲಿಟ್ಟಿದ್ದರು, ನುಣ್ಣಗೆ ಹಾಗೆಯೇ ಇತ್ತು.

ಹತ್ತು ದಿನ ಬಿಟ್ಟು ಅವರ ಹೆಂಡತಿ ಹೇಳಿ ಕಳಿಸಿದರು. ಅವರು ಸಾಲಿಯಲ್ಲಿ ಟೀಚರ್ ಆಗಿದ್ದವರು; ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಚರ್ಚಿನ ಹಿಂದಿನ ಓಣಿಯ ಮನೆ. “ಬರ್ರಿ, ಕುಂಡ್ರಿ” ಎಂದು ಚಹಾ ಕೊಟ್ಟು ಎದುರಿಗೆ ಕೂತರು. ಸೀಮೆಸುಣ್ಣದ ಡಬ್ಬಿಯನ್ನು ನನ್ನ ಮುಂದೆ ಸರಿಸಿದರು. ಮುಚ್ಚಳಕ್ಕೆ ಅಂಟಿಸಿದ ಕಾಗದ ಇನ್ನೂ ಹರಿದಿರಲಿಲ್ಲ.

“ನೀವು ಈಗ ಪಾಠಾ ಹೇಳ್ತೀರಂತ. ಇದು ನಿಮಗ ಉಪಯೋಗಕ್ಕ ಬರ್ತೈತಿ, ಒಯ್ರಿ. ನಿಮ್ಮ ಮ್ಯಾಲ ಅವ್ರಿಗೆ ಭಾಳ ಪ್ರೀತಿ ಇತ್ತು.” ಡಬ್ಬಿಯಿಂದ ಕೈ ತೆಗೆದು, “ಒಂದ ಮಾತ ಕೇಳ್ಲೇನ್ರಿ? ನೀವು ಅವತ್ತ ಅಲ್ಲೇ ಇದ್ರಿ. ಎಲ್ಲಾರಿಗೂ ಬ್ಯಾಡ ಬ್ಯಾಡ ಅಂತ ಹೇಳಾವ್ರು ತಾವ ಯಾಕ ಎತ್ತಸಿದ್ರು? ಎಷ್ಟ ಸಲಾ ಕೇಳೇನಿ, ನನಗ ಹೇಳಲೇ ಇಲ್ಲ” ಎಂದರು.

ಹೆಂಡತಿಗೂ ಹೇಳಿರಲಿಲ್ಲ! ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಕೂತು ಕೆಮ್ಮುತ್ತ, ಹೆಂಡತಿಗೂ ಹೇಳಿರಲಿಲ್ಲ. ಏನಾದರೊಂದು ಸುಳ್ಳು ಬಾಯಿಗೆ ಬರುತ್ತಿತ್ತು, ಅಭ್ಯಾಸವಾಗಿತ್ತಲ್ಲ. ಡಬ್ಬಿಯನ್ನು ನೋಡಿದೆ.

“ಅವ್ರು ಎತ್ತಸಲಿಲ್ರಿ ಅಕ್ಕೋರ. ಮುಟ್ಟಬ್ಯಾಡ ಅಂತ ಹೇಳಿ ಹೋಗಿದ್ರು. ನಾ ಎತ್ತಿದೆ. ನನ್ನ ನೌಕರಿ ಹೋಗ್ತೈತಿ ಅಂತ ಅವ್ರು ಹಂಗ ಬರದ್ರು. ನಾ ಹೂಂ ಅಂದೆ.”

ಅವರು ನನ್ನನ್ನೇ ನೋಡಿದರು. ಬೈಯಲಿ, ಎದ್ದು ಹೋಗು ಎನ್ನಲಿ ಎಂದು ಕಾದೆ. ಅವರು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

“ಕೆಮ್ಮಿದಾಗೊಮ್ಮೆ ನಾ ಅವರನ್ನ ಬೈದೇನ್ರಿ” ಎಂದರು ಕೊನೆಗೆ. “ಒಂದಿನಾ ಅಲ್ಲ, ಎರಡ ದಿನಾ ಅಲ್ಲ. ‘ಕೈಯಾರೆ ಮಾಡ್ಕೊಂಡ್ರಿ, ಅನುಭವಸ್ರಿ’ ಅಂತ. ಆ ರಾತ್ರಿನೂ ಅಂದೆ, ತೀರಿಕೊಂಡ ದಿನಾ. ಒಮ್ಮೆರೆ ‘ನಾ ಅಲ್ಲ’ ಅನಬೇಕಲ್ರಿ ಮನಷ್ಯಾ? ನಕ್ಕ ಸುಮ್ನ ಮಲಕೊಂಡ್ರು.”

ನಾನು ಅವರ ಕಾಲು ಮುಟ್ಟಲು ಬಾಗಿದೆ. ಕಾಲು ಹಿಂದೆ ತೆಗೆದುಕೊಂಡರು.

“ನನ್ನ ಕಡೆ ಕ್ಷಮಾ ಕೇಳಬ್ಯಾಡ್ರಿ. ಅವ್ರ ಕಡೆ ನಾನೂ ಕೇಳೂದೈತಿ.”

ಡಬ್ಬಿ ಹಿಡಿದುಕೊಂಡು ಓಣಿಯ ತುದಿಯವರೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಆ ವಾರ ಮೇಲಿನವರಿಗೆ ನಡೆದದ್ದನ್ನೆಲ್ಲ ಬರೆದು ಕೊಟ್ಟೆ. ಓದಿದ ಅಧಿಕಾರಿ, “ಹಳೇ ಫೈಲು, ಮನುಷ್ಯಾನೂ ಇಲ್ಲ, ಈಗ್ಯಾಕ್ರಿ?” ಎಂದು ಬೇಸರದಿಂದ ತೆಗೆದಿಟ್ಟುಕೊಂಡರು. ಏನು ಮಾಡುತ್ತಾರೋ ಮಾಡಲಿ.

ಸೋಮವಾರ ಷೆಡ್ಡಿನಲ್ಲಿ ಆ ಡಬ್ಬಿ ಒಡೆದೆ. ಕರಿಹಲಗೆಯ ಮೇಲೆ ಗೋದಾಮು ಬರೆದೆ, ಶಟರ್ ಬರೆದೆ, ಕೆಳಗಿನ ಸಂದಿಯಿಂದ ಒಳಗೆ ಹೋಗುವ ಗಾಳಿಗೆ ಬಾಣ ಬರೆದೆ. ಶಟರಿನ ಮುಂದೆ ಒಬ್ಬ ಮನುಷ್ಯನನ್ನು ಬರೆದು, ಹುಡುಗರ ಕಡೆ ತಿರುಗಿದೆ. “ಇವತ್ತ ಒಂದ ತಪ್ಪು ತಿದ್ದೂದೈತಿ. ಎತ್ತಿದಾಂವ ಯಾಂವೋ ಹೊಸಬ ಅಲ್ಲ. ನಾನು. ಮಾಸ್ತರು ಬ್ಯಾಡ ಅಂದಿದ್ರು” ಎಂದೆ. ಇಡೀ ಕಥೆಯನ್ನು ಮೊದಲಿಂದ ಹೇಳಿದೆ, ಹಿಂದಿನ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ. ಹೇಳುತ್ತ ಹೇಳುತ್ತ ನನ್ನ ದನಿಯೇ ನನಗೆ ಅಸಹ್ಯವಾಯಿತು.

ಆಮೇಲೆ ಬೈಲಹೊಂಗಲದ ಆ ಹುಡುಗಿ ಕೈ ಎತ್ತಿದಳು.

“ಸರ್, ಇದನ್ನ ಅವ್ರು ಇದ್ದಾಗ ನೀವು ಹೇಳಿದ್ರೇನ್ರಿ?”

“ಇಲ್ಲವ್ವಾ” ಎಂದೆ.